ಕಪ್ಪೆಯ ಎದೆಬಡಿತ ಕಲಿಸಿದ ಪಾಠ

ಸಿರುಗುಪ್ಪದಿಂದ ಬಳ್ಳಾರಿಗೆ ಸಂದರ್ಶನಕ್ಕೆ ಹೊರಟಿದ್ದೆ. ಬಸ್ಸಿನಲ್ಲೇ ಎದೆ ಡವಡವ, ಅಂಗೈ ತಣ್ಣಗೆ. ಆಗ ನೆನಪಾದವರು ಬಿ.ಎಸ್ಸಿಯಲ್ಲಿ ಓದಿದ್ದ ವಿಜ್ಞಾನಿ ಆಟ್ಟೊ ಲೋವಿ.

1873ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಲೋವಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಒಂದು ರಾತ್ರಿ ನಿದ್ದೆಯಲ್ಲಿ ಹೊಳೆದ ಪ್ರಯೋಗವನ್ನು ಚೀಟಿಯಲ್ಲಿ ಗೀಚಿಟ್ಟರು. ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಅರ್ಥವಾಗಲಿಲ್ಲ! ಮರುರಾತ್ರಿ ಮತ್ತೆ ಅದೇ ಹೊಳೆದಾಗ, ಎದ್ದವರೇ ಪ್ರಯೋಗಾಲಯಕ್ಕೆ ನಡೆದರು.

ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಅದರಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು. ಸಿಂಪಥೆಟಿಕ್ ನರವನ್ನು ಪ್ರಚೋದಿಸಿದಾಗಿನ ದ್ರವ ಬಡಿತ ಹೆಚ್ಚಿಸಿತು. ನರಗಳು ರಾಸಾಯನಿಕಗಳಿಂದ ಸಂದೇಶ ಕಳಿಸುತ್ತವೆಂದು 1921ರಲ್ಲಿ ಪ್ರಕಟಿಸಿದರು. ಕಪ್ಪೆಯ ಬಡಿತ ಹೆಚ್ಚಿಸಿದ್ದು ಅಡ್ರಿನಲಿನ್ ಎಂದು ಆಮೇಲೆ ತಿಳಿಯಿತು. ಹೆದರಿದಾಗ ಚರ್ಮದ ರಕ್ತನಾಳ ಬಿಗಿಸಿ ಅಂಗೈ ತಣ್ಣಗಾಗಿಸುವ ಹಾರ್ಮೋನೂ ಅದೇ.

1936ರಲ್ಲಿ ನೊಬೆಲ್ ಬಂತು. ಎರಡೇ ವರ್ಷಕ್ಕೆ, ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಜೈಲಿಗೆ ಹಾಕಿದರು, ಬಹುಮಾನದ ಹಣ ಕಿತ್ತುಕೊಂಡು ದೇಶ ಬಿಡಿಸಿದರು. 65 ದಾಟಿದ ಮೇಲೆ ಲೋವಿ ನ್ಯೂಯಾರ್ಕ್‌ನಲ್ಲಿ ಮತ್ತೆ ಪಾಠ ಹೇಳಲು ನಿಂತರು. 1961ರಲ್ಲಿ ಅಲ್ಲೇ ತೀರಿಕೊಂಡರು.

ಆ ಕೆಲಸ ನನಗೆ ಸಿಗಲಿಲ್ಲ. ನನಗಿನ್ನೂ 24. ನಿನ್ನೆ ಇನ್ನೊಂದು ಅರ್ಜಿ ಹಾಕಿ ಬಂದೆ.