ಗ್ಯಾರೇಜಿನಲ್ಲಿ ಆರಂಭವಾದ ಹಲ್ಲಿನ ಶಾಲೆ

ಮಕ್ಕಳೇ, ಹಲ್ಲುನೋವು ಬಂದರೆ ದಂತವೈದ್ಯರ ಬಳಿಗೆ ಹೋಗುತ್ತೇವೆ. ನೋವು ಬರುವ ಮೊದಲೇ ಹಲ್ಲುಗಳನ್ನು ಶುಚಿಗೊಳಿಸಿ, ಅವನ್ನು ಕಾಪಾಡಿಕೊಳ್ಳುವ ಬಗೆ ಕಲಿಸುವವರೂ ಇದ್ದಾರೆ. ಅವರೇ ಡೆಂಟಲ್ ಹೈಜೀನಿಸ್ಟ್. ಈ ವೃತ್ತಿಗೆ ಹೆಸರಿಟ್ಟು, ಅದನ್ನು ಕಲಿಸಲು ಶಾಲೆ ತೆರೆದವರು ಅಮೆರಿಕದ ಆಲ್ಫ್ರೆಡ್ ಫೋನ್ಸ್.

ಫೋನ್ಸ್ ಜನಿಸಿದ್ದು 1869ರಲ್ಲಿ. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಅವರ ಊರು. ತಂದೆಯೂ ದಂತವೈದ್ಯರು. 1890ರಲ್ಲಿ ನ್ಯೂಯಾರ್ಕಿನಲ್ಲಿ ಪದವಿ ಪಡೆದು ಫೋನ್ಸ್ ಕೂಡ ಅದೇ ವೃತ್ತಿಗೆ ಇಳಿದರು. ಹುಳುಕು ತುಂಬುವುದು, ಹಲ್ಲು ಕೀಳುವುದು, ಕಟ್ಟುಹಲ್ಲು ಕೂರಿಸುವುದು ಆಗಿನ ದಂತವೈದ್ಯರ ಮುಖ್ಯ ಕೆಲಸ. 1899ರಲ್ಲಿ ಅವರು ಫಿಲಡೆಲ್ಫಿಯದ ಡಿ.ಡಿ. ಸ್ಮಿತ್ ಎಂಬ ದಂತವೈದ್ಯರ ಉಪನ್ಯಾಸ ಕೇಳಿದರು. ಆಗಾಗ ಹಲ್ಲುಗಳನ್ನು ಪೂರ್ತಿಯಾಗಿ ಶುಚಿಗೊಳಿಸಿದರೆ ಹುಳುಕನ್ನು ತಡೆಯಬಹುದೆಂಬುದು ಸ್ಮಿತ್ ಅವರ ವಿಚಾರ. ಫೋನ್ಸ್ ಅದನ್ನು ತಮ್ಮ ಚಿಕಿತ್ಸಾಲಯದಲ್ಲಿ ಮಾಡಿ ನೋಡಿದರು. ಫಲ ಕಂಡಿತು, ಆದರೆ ಸಮಯ ಸಾಲಲಿಲ್ಲ!

1906ರಲ್ಲಿ ಅವರು ತಮ್ಮ ಸಹಾಯಕಿಯೂ ಬಂಧುವೂ ಆಗಿದ್ದ ಐರೀನ್ ನ್ಯೂಮನ್‌ಗೆ ಈ ಕೆಲಸ ಕಲಿಸಿದರು. ಹಲ್ಲಿನ ಮೇಲೆ ಕೂಡುವ ಅಂಟುಪದರಕ್ಕೆ ಜೊಲ್ಲಿನ ಖನಿಜಗಳು ಸೇರಿ ಗಟ್ಟಿಯಾದ ಗಾರೆ ಆಗುತ್ತದೆ. ಬ್ರಷ್ಷಿಗೆ ಅದು ಜಗ್ಗುವುದಿಲ್ಲ. ವಸಡಿಗೆ ಗಾಯವಾಗದಂತೆ ಉಪಕರಣದಿಂದ ಅದನ್ನು ಕೆರೆದು ತೆಗೆಯಬೇಕು. ಅದಕ್ಕೆ ನುರಿತ ಕೈ ಬೇಕು.

ದಂತವೈದ್ಯರಲ್ಲದವರು ಬಾಯಿಗೆ ಕೈಹಾಕುವುದನ್ನು ಹಲವು ವೈದ್ಯರು ಒಪ್ಪಲಿಲ್ಲ. ಸರಿಯಾದ ಶಿಕ್ಷಣ ಕೊಟ್ಟರೆ ತಪ್ಪೇನು ಎಂಬುದು ಫೋನ್ಸ್ ನಿಲುವು. 1913ರ ನವೆಂಬರಿನಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲೇ ಶಾಲೆ ತೆರೆದರು. ಶಿಕ್ಷಕಿಯರು, ದಾದಿಯರು, ದಂತವೈದ್ಯರ ಪತ್ನಿಯರು ವಿದ್ಯಾರ್ಥಿನಿಯರಾದರು. ಹೆಂಗಸರಿಗೆ ತೆರೆದಿದ್ದ ಉದ್ಯೋಗಗಳೇ ಕಡಿಮೆಯಿದ್ದ ಕಾಲವದು, ನೆನಪಿರಲಿ. ಯೇಲ್, ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಬಂದು ಶರೀರರಚನೆ, ಬ್ಯಾಕ್ಟೀರಿಯಾ ಮುಂತಾದ ವಿಷಯಗಳ ಪಾಠ ಹೇಳಿದರು. ಮೊದಲು ಗೊಂಬೆಯ ಬಾಯಿಯಲ್ಲಿ ಅಭ್ಯಾಸ, ಆಮೇಲೆ ಮನುಷ್ಯರ ಬಾಯಿ! 1914ರ ಜೂನ್‌ನಲ್ಲಿ 27 ಮಂದಿ ತೇರ್ಗಡೆಯಾದರು.

ಇವರನ್ನು 'ಹಲ್ಲಿನ ನರ್ಸ್' ಎಂದು ಕರೆಯುವುದು ಫೋನ್ಸ್‌ಗೆ ಇಷ್ಟವಿರಲಿಲ್ಲ. ನರ್ಸ್ ಎಂದರೆ ಕಾಯಿಲೆಯ ನೆನಪಾಗುತ್ತದೆ, ಇವರ ಕೆಲಸವೋ ಆರೋಗ್ಯ ಕಾಯುವುದು. ಹಲವರು ಬ್ರಿಜ್‌ಪೋರ್ಟಿನ ಶಾಲೆಗಳಲ್ಲಿ ಕೆಲಸಕ್ಕೆ ಸೇರಿದರು. ಕುರ್ಚಿ, ಉಪಕರಣಗಳನ್ನು ಶಾಲೆಯಿಂದ ಶಾಲೆಗೆ ಒಯ್ದು ಚಿಕ್ಕ ತರಗತಿಯ ಮಕ್ಕಳ ಹಲ್ಲು ಶುಚಿಗೊಳಿಸಿದರು, ಬ್ರಷ್ ಹಿಡಿದು ಉಜ್ಜುವುದನ್ನು ಕಲಿಸಿದರು. ಹಲ್ಲು ಕಚ್ಚಿಹಿಡಿದು, ಮೇಲಿನ ಮತ್ತು ಕೆಳಗಿನ ಸಾಲುಗಳ ಹೊರಮೈಯನ್ನು ದುಂಡುದುಂಡಗೆ ಉಜ್ಜುವ ವಿಧಾನಕ್ಕೆ ಇಂದಿಗೂ ಫೋನ್ಸ್ ವಿಧಾನವೆಂದೇ ಹೆಸರು. ನೀವೂ ಮಾಡಿ ನೋಡಿ. ಒಳಮೈ ಮರೆಯಬೇಡಿ!

1915ರಲ್ಲಿ ಕನೆಕ್ಟಿಕಟ್ ಕಾನೂನು ಈ ವೃತ್ತಿಯನ್ನು ಒಪ್ಪಿತು. 1917ರಲ್ಲಿ ಮೊದಲ ಪರವಾನಗಿ ಐರೀನ್ ನ್ಯೂಮನ್‌ಗೆ ದೊರೆಯಿತು. ಫೋನ್ಸ್ 1938ರಲ್ಲಿ ತೀರಿಕೊಂಡರು.

ನಮ್ಮ ದೇಶದ 1948ರ ದಂತವೈದ್ಯರ ಕಾಯ್ದೆಯಲ್ಲೂ ಹೈಜೀನಿಸ್ಟರ ನೋಂದಣಿಗೆ ಅವಕಾಶ ಕಲ್ಪಿಸಲಾಯಿತು. ಪಿಯುಸಿಯಲ್ಲಿ ವಿಜ್ಞಾನ ಓದಿದವರು 2 ವರ್ಷದ ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಸೇರಬಹುದು.