ಹೆನ್ರಿ ರಾಯ್ಸ್: ಹಳೆಯ ಮೋಟಾರನ್ನು ತಿದ್ದಿದ ಮಿಸ್ತ್ರಿ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ಶಿರೋಳ)

ರೋಲ್ಸ್-ರಾಯ್ಸ್ ಎಂಬ ಹೆಸರನ್ನು ಕೇಳದವರು ವಿರಳ. ಆ ಹೆಸರು ಕಿವಿಗೆ ಬಿದ್ದೊಡನೆ ಅರಸರು, ಅರಮನೆಯ ಅಂಗಳ, ಕನ್ನಡಿಯಂತೆ ಹೊಳೆಯುವ ಮೋಟಾರು ಇವೇ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆದರೆ ಆ ಹೆಸರಿನ ಉತ್ತರಾರ್ಧವನ್ನು ಕೊಟ್ಟ ಮನುಷ್ಯನು ಬಡವರ ಮನೆಯಲ್ಲಿ ಬೆಳೆದವನು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಶಾಲೆಯ ಮುಖವನ್ನು ಕಂಡವನಲ್ಲವೆಂದು ಆತನ ಚರಿತ್ರಕಾರರು ಬರೆದಿರುವರು. ಸುಮಾರು ನಲವತ್ತನೆಯ ವಯಸ್ಸಿನಲ್ಲಿ, ಇನ್ನೊಬ್ಬರು ಬಳಸಿ ಮಾರಿದ ಒಂದು ಮೋಟಾರನ್ನು ಕೊಂಡು, ನಿತ್ಯದ ಓಡಾಟಕ್ಕೆ ಅದನ್ನೇ ಇಟ್ಟುಕೊಂಡು, ಬಿಚ್ಚಿ ನೋಡಿ, ತಿದ್ದಿ, ಆ ತಿದ್ದುವ ಕೆಲಸದಿಂದಲೇ ಆತನು ಜಗದ್ವಿಖ್ಯಾತನಾದನು. ಆತನೇ ಸರ್ ಫ್ರೆಡರಿಕ್ ಹೆನ್ರಿ ರಾಯ್ಸ್.

ಇಂಗ್ಲಂಡದ ಪೀಟರ್‌ಬರೊ ಪಟ್ಟಣದ ಬಳಿ ಆಲ್ವಾಲ್ಟನ್ ಎಂಬುದೊಂದು ಹಳ್ಳಿ. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಜೇಮ್ಸ್ ರಾಯ್ಸ್ ಎಂಬವನ ಐದು ಮಕ್ಕಳಲ್ಲಿ ಕೊನೆಯವನಾಗಿ ಹೆನ್ರಿಯು 1863ರ ಮಾರ್ಚ್ 27ರಂದು ಹುಟ್ಟಿದನು. ತಂದೆಯ ವ್ಯವಹಾರವು ಕೈ ಹತ್ತಲಿಲ್ಲ. ಗಿರಣಿ ಹೋಯಿತು, ಹೊಟ್ಟೆಪಾಡಿಗಾಗಿ ಲಂಡನ್ನಿಗೆ ಬಂದದ್ದಾಯಿತು, ಅಲ್ಲಿ 1872ರಲ್ಲಿ ತಂದೆಯು ತೀರಿಕೊಂಡನು. ಆಗ ಹುಡುಗನಿಗೆ ಒಂಬತ್ತು ವರ್ಷ. ಓರಗೆಯ ಹುಡುಗರು ಪಾಟಿ ಹಿಡಿದು ಶಾಲೆಗೆ ಹೋಗುವ ಹೊತ್ತಿನಲ್ಲಿ ಈತನು ಬೀದಿಯಲ್ಲಿ ನಿಂತು ಪತ್ರಿಕೆ ಮಾರಿದನು. ಮುಂದೆ ತಂತಿ ಕಚೇರಿಯ ಹುಡುಗನಾಗಿ ಮನೆಮನೆಗೆ ತಂತಿ ಮುಟ್ಟಿಸಿದನು.

ಕತ್ತಲೆಯಲ್ಲಿ ದೀಪ ಹಿಡಿದವಳು ಒಬ್ಬ ಸೋದರತ್ತೆ. ಆಕೆಯು ವರ್ಷಕ್ಕೆ 20 ಪೌಂಡು ಶುಲ್ಕ ಕೊಡಲೊಪ್ಪಿ, 1878ರ ಸುಮಾರಿಗೆ ಹುಡುಗನನ್ನು ಪೀಟರ್‌ಬರೊದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಖಾನೆಯಲ್ಲಿ ಉಮೇದುವಾರನನ್ನಾಗಿ ಸೇರಿಸಿದಳು. ಆತನು ಉಳಿದುಕೊಂಡ ಮನೆಯ ಯಜಮಾನನೂ ಅದೇ ಕಾರ್ಖಾನೆಯ ಕೆಲಸಗಾರ. ಅವನ ಹಿತ್ತಲ ಗುಡಿಸಲಿನಲ್ಲಿ ಒಂದು ಚಿಕ್ಕ ಲೇಥು ಇದ್ದಿತು. ಹಗಲು ಕಾರ್ಖಾನೆಯಲ್ಲಿ, ಸಂಜೆ ಆ ಗುಡಿಸಲಿನಲ್ಲಿ ಹುಡುಗನು ಕಬ್ಬಿಣವನ್ನು ಕಡೆಯಲು, ಅರದಿಂದ ಉಜ್ಜಿ ಕೂಡಿಸಲು ಕಲಿತನು. ಆದರೆ ಮೂರು ವರ್ಷಗಳಲ್ಲಿ ಸೋದರತ್ತೆಯ ಹಣವು ಮುಗಿದುಹೋಯಿತು. ಉಮೇದುವಾರಿ ಅರ್ಧಕ್ಕೇ ನಿಂತಿತು. ಕೈಯಲ್ಲಿ ಪ್ರಮಾಣಪತ್ರವಿಲ್ಲದೆ ಆತನು ಕೆಲಸ ಹುಡುಕುತ್ತ ಲೀಡ್ಸ್ ಪಟ್ಟಣಕ್ಕೆ ಹೋಗಿ ಹತ್ಯಾರಗಳನ್ನು ಮಾಡುವ ಕಾರ್ಖಾನೆಯೊಂದನ್ನು ಸೇರಿದನು. ಅಲ್ಲಿಂದ ಲಂಡನ್ನಿಗೆ ಮರಳಿ, ಆಗತಾನೆ ಕಣ್ದೆರೆಯುತ್ತಿದ್ದ ವಿದ್ಯುದ್ದೀಪದ ಕಂಪನಿಯೊಂದರಲ್ಲಿ ನಿಂತನು. ರಾತ್ರಿಯ ತರಗತಿಗಳಿಗೆ ಹೋಗಿ ವಿದ್ಯುತ್ತಿನ ಶಾಸ್ತ್ರವನ್ನು ಕಲಿತನು. ಆ ಕಂಪನಿಯವರು ಆತನನ್ನು ಲಿವರ್‌ಪೂಲಿಗೆ ಬೀದಿ ಹಾಗೂ ನಾಟ್ಯಗೃಹಗಳ ದೀಪದ ಕೆಲಸಕ್ಕೆ ಕಳಿಸಿದರು. ಆ ಉದ್ಯಮವೂ ಮುಳುಗಿತು.

ಇಪ್ಪತ್ತೊಂದರ ತರುಣನು ಇನ್ನು ಬೇರೆಯವರ ಬಾಗಿಲು ಕಾಯಲಾರೆನೆಂದು 1884ರಲ್ಲಿ ಮ್ಯಾಂಚೆಸ್ಟರದ ಕುಕ್ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ಹಾಕಿದನು. ಆತನ ಉಳಿತಾಯ 20 ಪೌಂಡು, ಪಾಲುಗಾರ ಕ್ಲೇರ್ಮಾಂಟನದು 50 ಪೌಂಡು, ಇದೇ ಬಂಡವಲು. ಮನೆಗಳ ವಿದ್ಯುತ್ ಗಂಟೆಗಳಿಂದ ಆರಂಭಿಸಿ, ಡೈನಮೋಗಳನ್ನೂ ಕೊನೆಗೆ ಭಾರ ಎತ್ತುವ ಕ್ರೇನುಗಳನ್ನೂ ಮಾಡತೊಡಗಿದರು. ಅಂಗಡಿಯ ಮೇಲಿನ ಕೋಣೆಯಲ್ಲಿಯೇ ವಾಸ, ಅಲ್ಲಿಯೇ ಊಟ. ಮಾಲು ಗಟ್ಟಿಯಾಗಿದ್ದುದರಿಂದ ಹೆಸರು ಬಂದಿತು. ಆದರೆ ಶತಮಾನದ ಕೊನೆಗೆ ಜರ್ಮನಿ ಮತ್ತು ಅಮೇರಿಕಗಳಿಂದ ಅಗ್ಗದ ಮಾಲು ಬರಹತ್ತಿ ವ್ಯಾಪಾರವು ಕುಗ್ಗಿತು. ಬೆಲೆ ಇಳಿಸಲು ಮಾಲಿನ ಗುಣವನ್ನು ಇಳಿಸುವುದಕ್ಕೆ ರಾಯ್ಸನು ಒಪ್ಪಲಿಲ್ಲ. ಊಟ ನಿದ್ರೆಗಳನ್ನು ಮರೆತು ದುಡಿದು ದೇಹವು ಸೋತಿತು.

ಈ ಕಾಲದಲ್ಲಿಯೇ, 1903ರ ಸುಮಾರಿಗೆ, ಆತನು ಡೆಕೊವಿಲ್ ಎಂಬ ಫ್ರೆಂಚ್ ಕಂಪನಿಯ ಎರಡು ಸಿಲಿಂಡರಿನ ಹಳೆಯ ಮೋಟಾರೊಂದನ್ನು ಕೊಂಡನು. ಆತನ ಮನೆಯು ನಟ್ಸ್‌ಫರ್ಡ್ ಎಂಬಲ್ಲಿ ಇದ್ದಿತು; ಅಲ್ಲಿಂದ ಕಾರ್ಖಾನೆಗೆ ಸುಮಾರು 15 ಮೈಲು. ಹೋಗಿಬರುವುದಕ್ಕೆ ಅದೊಂದು ಅನುಕೂಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಮೋಟಾರು ಕೆಲಸಕ್ಕೆ ಬಾರದ ಗುಜರಿಯಾಗಿತ್ತು, ಅದರ ಮೇಲೆ ಬೇಸತ್ತು ಆತನು ಹೊಸದನ್ನು ಕಟ್ಟಿದನು ಎಂದು ಕೆಲವರು ಕಥೆ ಹೇಳುವರು. ವಾಸ್ತವದಲ್ಲಿ ಡೆಕೊವಿಲ್ ಕಂಪನಿಯು ಸಣ್ಣ ಗಾತ್ರದ ರೈಲುಗಳಿಗೆ ಹೆಸರಾದದ್ದು; ಅದರ ಮೋಟಾರೂ ಆ ಕಾಲಕ್ಕೆ ಉತ್ತಮ ವರ್ಗದ್ದೇ. ಮೋಟಾರು ಎಂಬುದೇ ಆಗ ಶ್ರೀಮಂತರ ವಸ್ತು. ಸಾಮಾನ್ಯ ಯಜಮಾನನು ಅದರ ಸದ್ದನ್ನೂ ನಡುಕವನ್ನೂ ಮೋಟಾರಿನ ಸ್ವಭಾವವೆಂದೇ ತಿಳಿದು ಸಹಿಸಿಕೊಳ್ಳುತ್ತಿದ್ದನು. ರಾಯ್ಸನಿಗೆ ಅದು ಸಹಿಸದಾಯಿತು. ಸದ್ದಿಗೆ ಒಂದು ಕಾರಣವಿರಬೇಕು, ಕಾರಣ ತಿಳಿದರೆ ಅದನ್ನು ತೆಗೆಯಬಹುದು ಎಂಬುದು ಆತನ ನಿಲುವು.

ಆತನು ಆ ಮೋಟಾರನ್ನು ಬಿಚ್ಚಿದನು. ಒಂದೊಂದು ಭಾಗವನ್ನೂ ಮೇಜಿನ ಮೇಲೆ ಇಟ್ಟು ಪರೀಕ್ಷಿಸಿದನು. ಆ ಕಾಲದ ಮೋಟಾರುಗಳಿಗೆ ಇದ್ದ ದೊಡ್ಡ ಪೀಡೆಯೆಂದರೆ ಕಿಡಿ ಹಾರಿಸುವ ವಿದ್ಯುತ್ ಜೋಡಣೆ. ಸರಿಯಾದ ಕ್ಷಣಕ್ಕೆ ಕಿಡಿ ಹಾರದಿದ್ದರೆ ಎಂಜಿನ್ನು ಒದರುವುದು, ನಡುದಾರಿಯಲ್ಲಿ ನಿಲ್ಲುವುದು. ವಿದ್ಯುತ್ತಿನಲ್ಲಿ ಇಪ್ಪತ್ತು ವರ್ಷ ಕೈ ಪಳಗಿದವನಿಗೆ ಇದು ತನ್ನ ಮನೆಯ ವಿಷಯ. ಇನ್ನೊಂದು ಕಾರ್ಬುರೇಟರು, ಪೆಟ್ರೋಲಿಗೆ ಗಾಳಿಯು ತಕ್ಕ ಪ್ರಮಾಣದಲ್ಲಿ ಬೆರೆಯದಿದ್ದರೆ ಓಟದಲ್ಲಿ ಸಮತೆ ಇರುವುದಿಲ್ಲ. ಗಿಯರಿನ ಹಲ್ಲುಗಳು ಒರಟಾಗಿದ್ದರೆ ಕಿರುಚುತ್ತವೆ. ಹೊಗೆಯ ಕೊಳವೆ ಇಕ್ಕಟ್ಟಾದರೆ ಸದ್ದು ಸಿಡಿಯುತ್ತದೆ. ಇವುಗಳಲ್ಲಿ ಯಾವುದೂ ರಾಯ್ಸನ ಶೋಧವಲ್ಲ. ಎಲ್ಲವೂ ಬೇರೆಯವರು ಕಂಡುಹಿಡಿದವುಗಳೇ. ಅವನ್ನು ಒಂದೊಂದಾಗಿ ಹಿಡಿದು, ಇದ್ದುದಕ್ಕಿಂತ ಚೆನ್ನಾಗಿ ಮಾಡುವುದೇ ಆತನ ಮಾರ್ಗ.

ಈ ಭಾಗವನ್ನು ಓದುವಾಗ ನನಗೆ ನಮ್ಮ ಸೀಮೆಯ ನೆನಪಾಗದೆ ಇರಲಿಲ್ಲ. ಶಿರೋಳವು ಎರೆಭೂಮಿಯ ಊರು. ಬಿತ್ತುವ ಹದದಲ್ಲಿ ಒಂದು ಟ್ರಾಕ್ಟರು ಕೆಟ್ಟು ನಿಂತರೆ ಹದ ಹೋಗುತ್ತದೆ, ಹದದೊಡನೆ ವರ್ಷದ ಬೆಳೆಯೂ ಹೋಗುತ್ತದೆ. ನನ್ನ ಸೋದರಮಾವನ ಮಗನೊಬ್ಬನು ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ಟ್ರಾಕ್ಟರಿನ ಸದ್ದನ್ನು ಕೇಳಿಯೇ ಅದರ ರೋಗವನ್ನು ಹೇಳಬಲ್ಲನು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರೊಂದನ್ನು, ಮಾಲೀಕರು ಮಾರಿಬಿಡಬೇಕೆಂದಿದ್ದುದನ್ನು, ಎಂಜಿನ್ನು ಇಳಿಸಿ ಸುಧಾರಿಸಿ, ಬ್ರೇಕು ದೀಪಗಳನ್ನು ಬದಲಿಸಿ, ದಿನವೂ ಓಡುವಂತೆ ಮಾಡಿಕೊಟ್ಟನು. ಆದರೆ ಬಂಧುಗಳ ಮನೆಯ ಮದುವೆಯಲ್ಲಿ ನನಗೆ ಕುರ್ಚಿ ಹಾಕಿ ಕೂರಿಸುವರು, ಅವನನ್ನು ನೀರು ಕೊಡಲು ಕಳಿಸುವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಕೈಗೆ ಮಣ್ಣು, ಎಣ್ಣೆ ಹತ್ತದ ನೌಕರಿ ಮಗನಿಗೆ ಸಿಗಲೆಂಬುದು ನನ್ನ ತಂದೆಯವರ ಆಸೆ. ಬಿಸಿಲಲ್ಲಿ ಬೆಂದವರ ಆಸೆಯನ್ನು ನಾನು ತಪ್ಪೆನ್ನಲಾರೆ. ಆದರೂ ಎಣ್ಣೆ ಹತ್ತಿದ ಕೈಯನ್ನು ನಾವು ಕೀಳೆಂದು ಎಣಿಸುವುದು ಎಲ್ಲಿಯವರೆಗೆ ಎಂಬ ಪ್ರಶ್ನೆಯು ರಾಯ್ಸನ ಜೀವನವನ್ನು ಓದಿದಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಳೆಯ ಮೋಟಾರನ್ನು ಅರಿತ ಮೇಲೆ ರಾಯ್ಸನು ಅದೇ ಮಾದರಿಯ ಮೇಲೆ ತಾನೇ ಮೂರು ಮೋಟಾರುಗಳನ್ನು ಮಾಡಲು ನಿಶ್ಚಯಿಸಿದನು. ಪಾಲುಗಾರನಿಗೆ ಇದು ಮನಸ್ಸಿಗೆ ಬಂದಿರಲಿಲ್ಲ. ಕುಕ್ ಸ್ಟ್ರೀಟಿನ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೆಲಸ ನಡೆಯಿತು. ಊಟಕ್ಕೆ ಏಳದ ಯಜಮಾನನ ಹಿಂದೆ ಹಾಲಿನ ಲೋಟ ಹಿಡಿದು ಹುಡುಗನೊಬ್ಬನು ತಿರುಗುತ್ತಿದ್ದನೆಂದು ಹೇಳುವರು. 1904ರ ಏಪ್ರಿಲ್ 1ರಂದು ಮೊದಲನೆಯ ಮೋಟಾರು ಸಿದ್ಧವಾಯಿತು. ರಾಯ್ಸನು ಅದನ್ನು ತಾನೇ ನಡೆಸಿಕೊಂಡು 15 ಮೈಲು ದೂರದ ತನ್ನ ಮನೆಗೆ ಹೋದನು. ಅದು ಅಷ್ಟು ಮೆಲ್ಲಗೆ, ನಡುಕವಿಲ್ಲದೆ ಓಡುತ್ತಿದ್ದುದನ್ನು ಕಂಡು ಬಲ್ಲವರು ಬೆರಗಾದರು.

ಈ ಸುದ್ದಿಯು ಚಾರ್ಲ್ಸ್ ರೋಲ್ಸ್ ಎಂಬವನ ಕಿವಿಗೆ ಮುಟ್ಟಿತು. ಆತನು ಸರದಾರ ಮನೆತನದ ಕುಡಿ, ಕೇಂಬ್ರಿಜ್ ಪದವೀಧರ. ಲಂಡನ್ನಿನಲ್ಲಿ ಪರದೇಶದ ಮೋಟಾರುಗಳನ್ನು ಮಾರುತ್ತಿದ್ದನು. ಕೆಲಸ ಬಿಟ್ಟು ಲಂಡನ್ನಿಗೆ ಹೋಗಲು ರಾಯ್ಸನಿಗೆ ಬಿಡುವಿಲ್ಲ. ಆದುದರಿಂದ ರೋಲ್ಸನೇ ರೈಲು ಹತ್ತಿ ಬಂದನು. 1904ರ ಮೇ 4ರಂದು ಮ್ಯಾಂಚೆಸ್ಟರದ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರ ಭೇಟಿಯಾಯಿತು. ರಾಯ್ಸನು ಮಾಡಿದ ಮೋಟಾರುಗಳನ್ನೆಲ್ಲ ರೋಲ್ಸನು ಮಾರಬೇಕು, ಅವುಗಳಿಗೆ ಇಬ್ಬರ ಹೆಸರೂ ಇರಬೇಕೆಂದು ಅದೇ ಡಿಸೆಂಬರಿನಲ್ಲಿ ಕರಾರಾಯಿತು. 1906ರಲ್ಲಿ ರೋಲ್ಸ್-ರಾಯ್ಸ್ ಕಂಪನಿಯು ಸ್ಥಾಪನೆಯಾಯಿತು. ಒಂದು ವರ್ಷದ ಶಾಲೆಯವನೂ ಕೇಂಬ್ರಿಜ್ ಪದವೀಧರನೂ ಹೀಗೆ ಒಂದಾದರು. ದುರ್ದೈವದಿಂದ ರೋಲ್ಸನು 1910ರ ಜುಲೈ 12ರಂದು ವಿಮಾನದ ಅಪಘಾತದಲ್ಲಿ ಮಡಿದನು. ಆಗ ಆತನಿಗೆ ಮೂವತ್ತೆರಡೇ ವರ್ಷ.

1907ರಲ್ಲಿ ‘ಸಿಲ್ವರ್ ಘೋಸ್ಟ್’ ಎಂಬ ಹೆಸರಿನ ಮೋಟಾರನ್ನು ಲಂಡನ್ನಿನಿಂದ ಗ್ಲಾಸ್ಗೊದವರೆಗೆ ಮೇಲಿಂದ ಮೇಲೆ ಓಡಿಸಿ ಪರೀಕ್ಷೆ ಮಾಡಿದರು. ಅನೈಚ್ಛಿಕವಾಗಿ ಒಮ್ಮೆಯೂ ನಿಲ್ಲದೆ ಅದು 14,371 ಮೈಲು ಓಡಿತು. ಮುಂದೆ ಅದನ್ನು ಕೊಂಡವರು ವಸ್ತುಸಂಗ್ರಹಾಲಯದ ಗೊಂಬೆಯನ್ನಾಗಿ ಮಾಡದೆ ದಶಕಗಳವರೆಗೆ ಓಡಾಟಕ್ಕೆ ಬಳಸಿದರು. 1948ರಲ್ಲಿ ಅದು ಕಂಪನಿಗೆ ಮರಳಿತು. ನಮ್ಮ ನಾಡಿನ ನೆರೆಯಲ್ಲಿಯೂ ಈ ಮೋಟಾರಿನ ಸತ್ವಪರೀಕ್ಷೆ ನಡೆದದ್ದುಂಟು. 1908ರಲ್ಲಿ ಮುಂಬಯಿಯಿಂದ ಕೊಲ್ಹಾಪುರದವರೆಗೆ ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಇಳಿದ ಪಂದ್ಯದಲ್ಲಿ ರಾಯ್ಸನ ಮೋಟಾರೊಂದು ಗೆದ್ದಿತು. ಗ್ವಾಲಿಯರದ ಮಹಾರಾಜರು ಅದನ್ನು ಕೊಂಡರು. ಇಲ್ಲಿಂದ ಮುಂದೆ ಭಾರತದ ಸಂಸ್ಥಾನಿಕರಲ್ಲಿ ಆ ಹೆಸರಿನ ಮೋಹ ಹಬ್ಬಿತು.

ಇಷ್ಟೆಲ್ಲ ಕೀರ್ತಿಗೆ ರಾಯ್ಸನು ತೆತ್ತ ಬೆಲೆಯನ್ನೂ ಹೇಳದಿದ್ದರೆ ಚಿತ್ರವು ಅರ್ಧವಾದೀತು. ವರ್ಷಗಟ್ಟಲೆ ಹೊತ್ತಿಗೆ ಉಣ್ಣದೆ ದುಡಿದುದರ ಫಲವಾಗಿ 1911ರಲ್ಲಿ ಆತನು ಹಾಸಿಗೆ ಹಿಡಿದನು, ದೊಡ್ಡ ಶಸ್ತ್ರಚಿಕಿತ್ಸೆಯಾಯಿತು, ಬದುಕುವ ಆಸೆಯೇ ಕಡಿಮೆಯೆಂದು ವೈದ್ಯರು ತಿಳಿದಿದ್ದರು. ಸಂಸಾರವೂ ಒಡೆಯಿತು, ಹೆಂಡತಿಯು ಬೇರೆ ಇದ್ದಳು, ಕೊನೆಯವರೆಗೆ ಆರೈಕೆ ಮಾಡಿದವಳು ದಾದಿಯೊಬ್ಬಳು. ಡರ್ಬಿಯಲ್ಲಿ 1908ರಲ್ಲಿ ತೆರೆದ ದೊಡ್ಡ ಕಾರ್ಖಾನೆಯಿಂದ ಆತನು ದೂರವೇ ಇರಬೇಕಾಯಿತು. ಚಳಿಗಾಲ ಫ್ರಾನ್ಸದ ದಕ್ಷಿಣ ತೀರದಲ್ಲಿ, ಬೇಸಗೆ ಇಂಗ್ಲಂಡದ ಕಡಲಂಚಿನಲ್ಲಿ. ಅಲ್ಲಿಂದಲೇ ನಕ್ಷೆ ಪತ್ರಗಳ ಮೂಲಕ ಕೆಲಸ ನಡೆಸಿದನು. ಕೆಲಸಗಾರರ ಮೇಲೆ ಆತನ ನಿಷ್ಠುರವೂ ಕಡಿಮೆಯದಾಗಿರಲಿಲ್ಲ. ಪರಿಪೂರ್ಣತೆಯ ಹಂಬಲವು ಹಂಬಲಿಸುವವನನ್ನೂ ಸುತ್ತಲಿನವರನ್ನೂ ಸುಡಬಲ್ಲದೆಂಬುದಕ್ಕೆ ಆತನ ಬಾಳೇ ಸಾಕ್ಷಿ. ಇದನ್ನು ನಾವು ಅನುಕರಿಸಬೇಕಾದುದಿಲ್ಲ.

ಆದರೂ ಆ ಮುರಿದ ದೇಹದಿಂದಲೇ ಎರಡನೆಯ ಜೀವಿತಕಾರ್ಯವು ಹೊರಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಆತನು ‘ಈಗಲ್’ ಎಂಬ ವಿಮಾನದ ಎಂಜಿನ್ನನ್ನು ರೂಪಿಸಿದನು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನರು ಎಲ್ಲಿಯೂ ಇಳಿಯದೆ ಅಟ್ಲಾಂಟಿಕ ಸಾಗರವನ್ನು ದಾಟಿದ್ದು ಅಂಥ ಎರಡು ಎಂಜಿನ್ನುಗಳ ಬಲದಿಂದ. 1931ರಲ್ಲಿ ಆತನ ಮತ್ತೊಂದು ಎಂಜಿನ್ನು ವಿಮಾನವನ್ನು ಗಂಟೆಗೆ 400 ಮೈಲಿಗೂ ಮಿಕ್ಕಿ ಹಾರಿಸಿ ಜಾಗತಿಕ ದಾಖಲೆಯನ್ನು ಸ್ಥಾಪಿಸಿತು. 1930ರಲ್ಲಿ ಸರ್ಕಾರವು ಬ್ಯಾರೊನೆಟ್ ಪದವಿಯನ್ನು ಕೊಟ್ಟಿತು. ಆದರೆ ಆತನು ತನ್ನನ್ನು ತಾನು ಮಿಸ್ತ್ರಿಯೆಂದೇ ಕರೆದುಕೊಳ್ಳುತ್ತಿದ್ದನು. 1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್ ಎಂಬ ಊರಲ್ಲಿ ಆತನು ತೀರಿಕೊಂಡನು. ಕೊನೆಯ ಗಳಿಗೆಗಳಲ್ಲಿಯೂ ಹಾಸಿಗೆಯಲ್ಲಿ ಕುಳಿತು ಮೋಟಾರಿನ ಕುಲುಕನ್ನು ಕಡಿಮೆ ಮಾಡುವ ಭಾಗವೊಂದರ ನಕ್ಷೆಯನ್ನು ಗೀಚಿದ್ದನಂತೆ. ಆತನ ಅಸ್ಥಿಯು ಹುಟ್ಟಿದ ಹಳ್ಳಿಯಾದ ಆಲ್ವಾಲ್ಟನ್ನಿನ ಇಗರ್ಜಿಯಲ್ಲಿದೆ.

ಮೋಟಾರು ಮಾಡುವ ಶಾಖೆಯು ಇಂದು ಬೇರೆಯವರ ಕೈ ಸೇರಿದೆ; ವಿಮಾನದ ಎಂಜಿನ್ನುಗಳ ಕಂಪನಿಯು ಪ್ರತ್ಯೇಕವಾಗಿ ನಡೆದಿದೆ. ಅದು ಫ್ರೆಂಚ್ ಕಂಪನಿಯೊಂದರೊಡನೆ ಕೂಡಿ ರೂಪಿಸಿದ ‘ಆಡೂರ್’ ಎಂಜಿನ್ನುಗಳನ್ನು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ಜಾಗ್ವಾರ್ ವಿಮಾನಗಳಿಗಾಗಿ ತಯಾರಿಸಿರುವರು. ಹೀಗೆ ಕುಕ್ ಸ್ಟ್ರೀಟಿನ ಮೂಲೆಯಲ್ಲಿ ಬಿಚ್ಚಿದ ಒಂದು ಹಳೆಯ ಮೋಟಾರಿನ ಎಳೆಯು ಕನ್ನಡಿಗರ ಕೈಗಳವರೆಗೂ ಬಂದು ಮುಟ್ಟಿದೆ.

ಸಹಪಾಠಿಗಳೇ, ಇನ್ನು ಕೆಲವು ತಿಂಗಳಲ್ಲಿ ನಾವು ಪದವೀಧರರಾಗುವೆವು. ಕೆಲವರಿಗೆ ನೌಕರಿ ಸಿಕ್ಕೀತು, ಕೆಲವರು ಊರಿಗೆ ಮರಳಿ ಹೊಲಕ್ಕೆ ಇಳಿಯಬೇಕಾದೀತು. ಕಚೇರಿಯ ಕಾಗದವಿರಲಿ, ಶಾಲೆಯ ಪಾಠವಿರಲಿ, ಬಾವಿಯ ಪಂಪಿರಲಿ, ನಮ್ಮ ಪಾಲಿಗೆ ಬರುವ ಕೆಲಸವು ಬಹುತೇಕ ಬೇರೆಯವರು ಆರಂಭಿಸಿ ಅರ್ಧಕ್ಕೆ ಬಿಟ್ಟದ್ದೇ ಆಗಿರುವುದು. ಅದರ ಸದ್ದಿಗೆ ಕಾರಣ ಹುಡುಕುವವರು ನಾವಾಗೋಣ. ನಮಗಿಂತ ಮೊದಲೇ ಆ ವಿದ್ಯೆಯನ್ನು ಕೈಯಿಂದ ಕಲಿತ ನಮ್ಮ ಅಣ್ಣತಮ್ಮಂದಿರಿಗೆ ನಮ್ಮ ಪಕ್ಕದಲ್ಲಿ ಒಂದು ಕುರ್ಚಿಯನ್ನೂ ಹಾಕೋಣ.