ಕಾಲಾ ಆಜಾರ್ ಗೆದ್ದ ಡಾ. ಉಪೇಂದ್ರನಾಥ ಬ್ರಹ್ಮಚಾರಿ

ಉರ್ದುವಿನಲ್ಲಿ ಆಜಾರ್ ಎಂದರೆ ಕಾಯಿಲೆ, ಬಾಧೆ. ಬಂಗಾಳ, ಬಿಹಾರ, ಅಸ್ಸಾಂಗಳಲ್ಲಿ ಹಳ್ಳಿಗಳನ್ನೇ ಬರಿದು ಮಾಡಿದ ಒಂದು ಜ್ವರಕ್ಕೆ ಜನ ಇಟ್ಟ ಹೆಸರು ಕಾಲಾ ಆಜಾರ್. ತಿಂಗಳುಗಟ್ಟಲೆ ಜ್ವರ, ಊದಿದ ಗುಲ್ಮ, ಕಪ್ಪಾಗುವ ಚರ್ಮ. ಚಿಕಿತ್ಸೆ ಇಲ್ಲದಿದ್ದರೆ ಸಾವು ಬಹುತೇಕ ಖಚಿತ.

ಈ ರೋಗದ ಬೆನ್ನು ಹತ್ತಿದ ಉಪೇಂದ್ರನಾಥರು ಜನಿಸಿದ್ದು 1873ರ ಡಿಸೆಂಬರ್ 19ರಂದು. ತಂದೆ ನೀಲಮಣಿಯವರು ಜಮಾಲ್‌ಪುರದಲ್ಲಿ ರೈಲ್ವೆ ವೈದ್ಯರು. ಮಗ 1893ರಲ್ಲಿ ಬಿ.ಎ. ಮುಗಿಸಿದ್ದು ಹೂಗ್ಲಿ ಕಾಲೇಜಿನಲ್ಲಿ. ಮಹಾದಾನಿ ಹಾಜಿ ಮುಹಮ್ಮದ್ ಮೊಹಸಿನ್‌ರ ವಕ್ಫ್ ಹಣದಿಂದ 1836ರಲ್ಲಿ ಆರಂಭವಾದ ಕಾಲೇಜು ಅದು. ನಮ್ಮ ಸಂಸ್ಥೆಯ ಸದಸ್ಯರು ಗಮನಿಸಬೇಕಾದ ಮಾತಿದು. ಮುಂದೆ ರಸಾಯನಶಾಸ್ತ್ರದಲ್ಲಿ ಎಂ.ಎ., 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್.ಡಿ. ಪಡೆದರು.

ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಚಿಕ್ಕ ಕೋಣೆ. ಗ್ಯಾಸ್ ಇಲ್ಲ, ವಿದ್ಯುತ್ ಇಲ್ಲ, ನಲ್ಲಿಯೂ ಇಲ್ಲ. ರಾತ್ರಿ ಸೀಮೆಎಣ್ಣೆ ಲಾಟೀನಿನ ಬೆಳಕಿನಲ್ಲೇ ಪ್ರಯೋಗ. ಆಗಿನ ಆಂಟಿಮನಿ ಔಷಧವನ್ನು ಬಹಳ ಕಾಲ ಚುಚ್ಚಬೇಕಿತ್ತು, ಅದರ ವಿಷವೂ ರೋಗಿಯನ್ನು ಹಣ್ಣು ಮಾಡುತ್ತಿತ್ತು. 1920ರಲ್ಲಿ ಅವರು ಆಂಟಿಮನಿಯಿಂದಲೇ ಯೂರಿಯಾ ಸ್ಟಿಬಮೈನ್ ತಯಾರಿಸಿದರು. ರೋಗಿಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳತೊಡಗಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮರಳು ನೊಣದ ಕಡಿತದಿಂದ ದೇಹ ಸೇರುವ ಲೀಶ್ಮೇನಿಯಾ ಪರೋಪಜೀವಿ, ತನ್ನನ್ನು ನುಂಗಿ ಕೊಲ್ಲಬೇಕಾದ ಭಕ್ಷಕ ಕೋಶದ ಒಳಗೇ ಮನೆ ಮಾಡಿಕೊಳ್ಳುತ್ತದೆ. ರೋಗಿಯ ರಕ್ತದಲ್ಲಿ ಪ್ರತಿಕಾಯಗಳಿಗೆ ಬರವಿಲ್ಲ. ಅದರಿಂದ ಏರುವ ಗ್ಲಾಬ್ಯುಲಿನ್ ಪತ್ತೆಗೆ ಬ್ರಹ್ಮಚಾರಿಯವರೇ ಒಂದು ಪರೀಕ್ಷೆ ರೂಪಿಸಿದ್ದರು. ಆದರೆ ಕೋಶದೊಳಗೆ ಅಡಗಿದ ಶತ್ರುವಿನ ಮುಂದೆ ಪ್ರತಿಕಾಯಗಳ ಆಟ ನಡೆಯದು. ಅದನ್ನು ಕೊಲ್ಲಿಸಬೇಕಾದ ಟಿ-ಕೋಶಗಳು ಆ ಹೊತ್ತಿನಲ್ಲಿ ಸುಮ್ಮನಿರುತ್ತವೆ. ಸತ್ತ ಪರೋಪಜೀವಿಯ ದ್ರವವನ್ನು ರೋಗಿಯ ಚರ್ಮಕ್ಕೆ ಚುಚ್ಚಿದರೆ ಏನೂ ಆಗುವುದಿಲ್ಲ. ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಚುಚ್ಚಿದರೆ ಅನೇಕರಲ್ಲಿ ಅದೇ ಜಾಗ ಗಟ್ಟಿಯಾಗಿ ಊದುತ್ತದೆ. ಔಷಧ ಶತ್ರುವನ್ನು ತಗ್ಗಿಸಿದ ಮೇಲೆ ದೇಹದ ಸೈನ್ಯ ಎಚ್ಚೆತ್ತಿತೆಂದು ಅರ್ಥ. ಹೀಗೆ ಗುಣವಾದವರಿಗೆ ರೋಗ ಮರಳುವುದು ಅಪರೂಪ.

ಎಲ್ಲರಲ್ಲೂ ಹೀಗಾಗುವುದಿಲ್ಲ. ಜ್ವರ ಬಿಟ್ಟು ಗುಣವಾದ ಕೆಲವರ ಮುಖ, ಮೈಮೇಲೆ ಮಚ್ಚೆ, ಗಂಟುಗಳೇಳುವುದನ್ನು ಬ್ರಹ್ಮಚಾರಿಯವರು 1922ರಲ್ಲೇ ವರದಿ ಮಾಡಿದರು. ಪರೋಪಜೀವಿ ಚರ್ಮದಲ್ಲಿ ಉಳಿದಿತ್ತು. ತನ್ನ ಔಷಧದ ಕೀರ್ತಿ ಏರುತ್ತಿದ್ದಾಗಲೇ ಅದು ಮುಟ್ಟದ ಜಾಗವನ್ನೂ ತೋರಿಸಿದ್ದು, ನನ್ನ ಮಟ್ಟಿಗೆ, ಔಷಧ ಕಂಡುಹಿಡಿದದ್ದಕ್ಕಿಂತ ಕಡಿಮೆಯದಲ್ಲ.

1929ರಲ್ಲಿ ನೊಬೆಲ್‌ಗೆ ಹೆಸರು ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1934ರಲ್ಲಿ ಸರ್ ಪದವಿ ಬಂತು. 1946ರ ಫೆಬ್ರುವರಿ 6ರಂದು ನಿಧನರಾದರು. ಯೂರಿಯಾ ಸ್ಟಿಬಮೈನ್ ಜಾಗಕ್ಕೆ ಬೇರೆ ಔಷಧಗಳು ಬಂದಿವೆ. ಆದರೆ ಮೈಮೇಲೆ ಮಚ್ಚೆಯಿರುವ, ಜ್ವರವಿಲ್ಲದೆ ಓಡಾಡಿಕೊಂಡಿರುವ ಆ ಮನುಷ್ಯನನ್ನು ಕಚ್ಚಿದ ನೊಣ ಇಂದಿಗೂ ರೋಗ ಹೊತ್ತೊಯ್ಯಬಲ್ಲದು. ಅದಕ್ಕಾಗಿ ಗುಣವಾದವರ ಮನೆಗೂ ಆರೋಗ್ಯ ಕಾರ್ಯಕರ್ತರು ಮತ್ತೆ ಹೋಗಿ ಚರ್ಮ ನೋಡಿ ಬರುತ್ತಾರೆ.